ಓಆರ್‌ಎಸ್‌ನಲ್ಲಿ ಸಕ್ಕರೆ ಯಾಕೆ ಡಾಕ್ಟ್ರೇ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ಮಗನಿಗೆ 4 ವರ್ಷ, ನಿನ್ನೆಯಿಂದ ಭೇದಿ. ಓಆರ್‌ಎಸ್ ಕುಡಿಸುತ್ತಿದ್ದೇನೆ. ನಮ್ಮ ಅತ್ತೆ, "ಸಿಹಿ ಕೊಟ್ಟರೆ ಭೇದಿ ಜಾಸ್ತಿ ಆಗುತ್ತೆ, ಉಪ್ಪುನೀರು ಸಾಕು" ಅನ್ನುತ್ತಾರೆ. ಸಕ್ಕರೆ ಹಾಕೋದು ಬರೀ ರುಚಿಗಾ? ಇಷ್ಟು ಕುಡಿಸಿದರೂ ಭೇದಿ ನಿಂತಿಲ್ಲ, ಅದೂ ಒಂದು ಚಿಂತೆ.

ಡಾಕ್ಟರ್: ರುಚಿಗಲ್ಲಮ್ಮ. ಭೇದಿಯಲ್ಲಿ ಬರೀ ಉಪ್ಪುನೀರು ಕುಡಿಸಿದರೆ ಬಹುಪಾಲು ಹಾಗೇ ಹೊರಗೆ ಹೋಗುತ್ತದೆ.

ಕರುಳಿನ ಜೀವಕೋಶಗಳ ಪೊರೆ ಕೊಬ್ಬಿನದು. ಉಪ್ಪಿನ ಸೋಡಿಯಂ ಆಗಲಿ, ಓಆರ್‌ಎಸ್‌ನಲ್ಲಿರುವ ಸಕ್ಕರೆಯಾದ ಗ್ಲೂಕೋಸ್ ಆಗಲಿ ಅದನ್ನು ತಾವಾಗಿ ದಾಟಲಾರವು, ಪ್ರೋಟೀನಿನ ಬಾಗಿಲು ಬೇಕು. ಎಸ್‌ಜಿಎಲ್‌ಟಿ1 ಅಂತ ಒಂದು ಬಾಗಿಲಿದೆ. ಅದು 2 ಸೋಡಿಯಂ, 1 ಗ್ಲೂಕೋಸ್ ಜೊತೆಗೂಡಿ ಬಂದರೇ ಒಳಗೆ ಬಿಡುವುದು. ಅವು ಹೋದ ಕಡೆ ನೀರೂ ಹೋಗುತ್ತದೆ.

ಇದಕ್ಕೆ ಶಕ್ತಿ ಎಲ್ಲಿಂದ? ಕೋಶದ ಆಚೆ ಬದಿಯಲ್ಲಿ, ರಕ್ತದ ಕಡೆ, ಸೋಡಿಯಂ-ಪೊಟ್ಯಾಸಿಯಂ ಪಂಪ್ ಹಗಲೂ ರಾತ್ರಿ ದುಡಿಯುತ್ತದೆ. ಕೋಶದ ಇಂಧನವಾದ ಎಟಿಪಿಯ ಒಂದು ಅಣು ಖರ್ಚು ಮಾಡಿ 3 ಸೋಡಿಯಂ ಹೊರಗೆ ಹಾಕುತ್ತದೆ, 2 ಪೊಟ್ಯಾಸಿಯಂ ಒಳಗೆ ತರುತ್ತದೆ. ಹಾಗಾಗಿ ಕೋಶದೊಳಗೆ ಸೋಡಿಯಂ ಯಾವಾಗಲೂ ಕಮ್ಮಿ, ಕರುಳಿನಲ್ಲಿರುವ ಸೋಡಿಯಂ ಒಳಗೆ ನುಗ್ಗುತ್ತದೆ, ನುಗ್ಗುವಾಗ ಗ್ಲೂಕೋಸನ್ನೂ ಎಳೆದುಕೊಳ್ಳುತ್ತದೆ. ಗ್ಲೂಕೋಸಿಗೆ ಶಕ್ತಿ ಯೋಜನೆ ಬಸ್ಸಿದ್ದ ಹಾಗೆ, ಟಿಕೆಟ್ ದುಡ್ಡು ಕಟ್ಟುವವರು ಬೇರೆ!

ಕಾಲರಾದಲ್ಲಿ ರೋಗಾಣುವಿನ ವಿಷ ಕ್ಲೋರೈಡ್ (ಉಪ್ಪಿನ ಇನ್ನೊಂದು ಅಂಶ) ಬಾಗಿಲನ್ನು ತೆರೆದೇ ಇಡುತ್ತದೆ. ಕ್ಲೋರೈಡ್ ಕರುಳಿಗೆ ಸುರಿಯುತ್ತದೆ, ಬೆನ್ನಿಗೇ ಸೋಡಿಯಂ, ನೀರು. ಅಂಥಾ ಹೊತ್ತಿನಲ್ಲೂ ಎಸ್‌ಜಿಎಲ್‌ಟಿ1 ಕೆಲಸ ನಿಲ್ಲಿಸುವುದಿಲ್ಲ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ, ಬಂಗಾಳದ ಬನಗಾಂವ್‌ನಲ್ಲಿ, ಡ್ರಿಪ್ ಬಾಟಲಿಗಳು ಸಾಲದೆ ಬಂದಾಗ ಡಾ. ದಿಲೀಪ್ ಮಹಲನಬಿಸ್ ಉಪ್ಪು-ಗ್ಲೂಕೋಸ್ ನೀರನ್ನೇ ಡ್ರಮ್ಮುಗಳಲ್ಲಿಟ್ಟು ಕುಡಿಸಿದರು. ಅವರು ನೋಡಿಕೊಂಡವರಲ್ಲಿ ಸಾವು 4%ಗಿಂತ ಕೆಳಗೆ ಇಳಿಯಿತು.

ಇನ್ನು, ಭೇದಿ ನಿಲ್ಲಿಸುವುದು ಓಆರ್‌ಎಸ್ ಕೆಲಸವೇ ಅಲ್ಲ. ಹೋದ ನೀರು, ಉಪ್ಪನ್ನು ಮತ್ತೆ ತುಂಬುತ್ತದೆ ಅಷ್ಟೇ, ಅದೇ ಜೀವ ಉಳಿಸುವುದು. ನಿಲ್ಲಲಿಲ್ಲ ಅಂತ ಕೊಡುವುದನ್ನು ಬಿಡಬೇಡಿ. ಜೊತೆಗೆ ಜಿಂಕ್ ಕೊಡಬೇಕು, ನಿಮ್ಮ ಡಾಕ್ಟರನ್ನು ಕೇಳಿ. ಮಗು ಮಂಕಾದರೆ, ಕಣ್ಣು ಗುಳಿಬಿದ್ದರೆ, ಉಚ್ಚೆ ಹೋಗದಿದ್ದರೆ, ಮಲದಲ್ಲಿ ರಕ್ತ ಕಂಡರೆ, ಕುಡಿದದ್ದೆಲ್ಲ ವಾಂತಿಯಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಇನ್ನೊಬ್ಬರು: ನಾನು ಲೋಟಕ್ಕೆ ಒಂದೊಂದು ಚಮಚ ಪುಡಿ ಹಾಕಿ ಕೊಡ್ತೀನಿ. ನಡೆಯುತ್ತಲ್ವಾ?

ಡಾಕ್ಟರ್: ನಡೆಯಲ್ಲ. ಪ್ಯಾಕೆಟ್ ಮೇಲೆ 1 ಲೀಟರ್ ಅಂತಿದ್ದರೆ ಇಡೀ ಪ್ಯಾಕೆಟ್ಟನ್ನು 1 ಲೀಟರ್ ಕುದಿಸಿ ಆರಿಸಿದ ನೀರಿಗೆ ಹಾಕಿ, 24 ಗಂಟೆಯಲ್ಲಿ ಮುಗಿಸಿ, ಉಳಿದದ್ದು ಚೆಲ್ಲಿ. ಡಬ್ಲ್ಯುಎಚ್‌ಒ ಸೂತ್ರದಲ್ಲಿ ಲೀಟರಿಗೆ ಸೋಡಿಯಂ 75, ಗ್ಲೂಕೋಸ್ 75 ಮಿಲಿಮೋಲ್ (ಕಣಗಳನ್ನು ಎಣಿಸುವ ಅಳತೆ), ಸುಮ್ನೆ ಇಟ್ಟ ಲೆಕ್ಕವಲ್ಲ ಅದು. ದಪ್ಪಗೆ ಕಲಸಿದರೆ ಕರುಳು ಮೈಯಿಂದಲೇ ನೀರು ಎಳೆದುಕೊಳ್ಳುತ್ತದೆ. ಆ ಲೆಕ್ಕದಲ್ಲಿ ಮೇಲಿನ ಅತ್ತೆಯವರ ಮಾತಿನಲ್ಲೂ ಸತ್ಯವಿದೆ: ಕೂಲ್‌ಡ್ರಿಂಕ್ಸ್, ಪ್ಯಾಕೆಟ್ ಜ್ಯೂಸ್ ಕೊಟ್ಟರೆ ಭೇದಿ ನಿಜವಾಗಿಯೂ ಜಾಸ್ತಿಯಾಗುತ್ತದೆ.

ಮತ್ತೊಬ್ಬರು: ಎಳನೀರು, ಗಂಜಿ?

ಡಾಕ್ಟರ್: ಎಳನೀರಿನಲ್ಲಿ ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ತೀರಾ ಕಮ್ಮಿ. ಕೊಡಿ, ಆದರೆ ಓಆರ್‌ಎಸ್ ಬದಲಿಗೆ ಬೇಡ. ಉಪ್ಪು ಹಾಕಿದ ಅಕ್ಕಿ ಗಂಜಿ ಒಳ್ಳೆಯದು, ಅದರ ಪಿಷ್ಟ ಒಡೆದು ಗ್ಲೂಕೋಸಾಗಿ ಅದೇ ಬಾಗಿಲಲ್ಲಿ ಒಳಗೆ ಹೋಗುತ್ತದೆ.

ಇನ್ನೊಬ್ಬರು: ಸರ್, ಅಪ್ಪ ಶುಗರ್‌ಗೆ ಡಪಾಗ್ಲಿಫ್ಲೋಜಿನ್ ತಗೋತಾರೆ. ಅದೂ ಎಸ್‌ಜಿಎಲ್‌ಟಿ ಅಂತ ಎಲ್ಲೋ ಓದಿದ್ದೆ.

ಡಾಕ್ಟರ್: ಹೌದು, ಅದು ಎಸ್‌ಜಿಎಲ್‌ಟಿ2, ಕಿಡ್ನಿಯಲ್ಲಿರುವ ದಾಯಾದಿ. ಮಾತ್ರೆ ಆ ಬಾಗಿಲನ್ನು ಮುಚ್ಚುತ್ತದೆ, ಗ್ಲೂಕೋಸ್ ಮೂತ್ರದಲ್ಲಿ ಹೋಗುತ್ತದೆ, ಜೊತೆಗೆ ನೀರೂ ಹೋಗುತ್ತದೆ. ಅಪ್ಪನಿಗೆ ವಾಂತಿ-ಭೇದಿ ಬಂದರೆ ಅವತ್ತೇ ಅವರ ಡಾಕ್ಟರಿಗೆ ಫೋನ್ ಮಾಡಿ, ಸಾಮಾನ್ಯವಾಗಿ ಈ ಮಾತ್ರೆಯನ್ನು ಹುಷಾರಾಗುವವರೆಗೆ ನಿಲ್ಲಿಸಲು ಹೇಳುತ್ತಾರೆ.