ಸಹಾಯ ಬೇಕು: ಕಣ್ಣು ಕಾಣದ ತಮ್ಮನಿಗೆ ಕೆಲಸ

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಈ ವರ್ಷ ತುಮಕೂರಿನಲ್ಲಿ ಬಿ.ಕಾಂ ಮುಗಿಸಿದ್ದಾನೆ. ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಇದೆ. ಪರದೆಯಲ್ಲಿರುವುದನ್ನು ಓದಿ ಹೇಳುವ ಎನ್‌ವಿಡಿಎ ಸಾಫ್ಟ್‌ವೇರ್ ಹಾಕಿಕೊಂಡು ಎಕ್ಸೆಲ್ ಕೆಲಸ ಚೆನ್ನಾಗಿ ಮಾಡುತ್ತಾನೆ. ಮೌಸ್ ಮುಟ್ಟುವುದೇ ಇಲ್ಲ, ಎಲ್ಲಾ ಕೀಬೋರ್ಡ್‌ನಲ್ಲೇ. ಆ ದನಿ ಎಷ್ಟು ವೇಗವಾಗಿ ಓಡುತ್ತದೆ ಅಂದ್ರೆ, ಪಕ್ಕದಲ್ಲಿ ಕೂತ ನನಗೆ ಒಂದು ಪದವೂ ಸಿಗುವುದಿಲ್ಲ.

ಮೂರು ಇಂಟರ್‌ವ್ಯೂ ಆಯಿತು. ಒಂದು ಕಡೆ ಅವನನ್ನು ಬಿಟ್ಟು ಜೊತೆಗೆ ಹೋದ ನನ್ನನ್ನೇ ಪ್ರಶ್ನೆ ಕೇಳಿದರು. ವಾಪಸ್ ಬರುವಾಗ ಬಸ್ಸಲ್ಲಿ ಅವನು ಮಾತೇ ಆಡಲಿಲ್ಲ.

ಬೆಂಗಳೂರಿನ ಎನೇಬಲ್ ಇಂಡಿಯಾ ಅಥವಾ ಸಮರ್ಥನಂ ಸಂಸ್ಥೆಯಲ್ಲಿ ತರಬೇತಿ ಪಡೆದವರು ಇಲ್ಲಿ ಯಾರಾದರೂ ಇದ್ದೀರಾ? ಸೇರುವುದು ಹೇಗೆ, ಉಳಿಯಲು ಎಲ್ಲಿ ವ್ಯವಸ್ಥೆ ಮಾಡಿಕೊಂಡಿರಿ, ದಯವಿಟ್ಟು ತಿಳಿಸಿ.

ಇನ್ನೊಂದು ವಿಷಯ. 2016ರ ಕಾಯ್ದೆಯಂತೆ ಸರ್ಕಾರಿ ಕೆಲಸದಲ್ಲಿ ಅಂಗವಿಕಲರಿಗೆ ಕನಿಷ್ಠ 4% ಮೀಸಲಾತಿ ಇದೆ ಅಲ್ವಾ, ಅದಕ್ಕೂ ಓದುತ್ತಿದ್ದಾನೆ. ಆದರೆ ಸಿಗುವ ಕನ್ನಡ ನೋಟ್ಸ್ ಜಾಸ್ತಿ ಹಳೇ ನುಡಿ ಫಾಂಟ್‌ನಲ್ಲೇ ಇವೆ. ಎನ್‌ವಿಡಿಎ ಅದನ್ನು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಂತೆ ಓದುತ್ತದೆ. ಯೂನಿಕೋಡ್‌ನಲ್ಲಿರುವ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಪರೀಕ್ಷೆಯ ನೋಟ್ಸ್ ಇದ್ದರೆ ಕಳಿಸಿ, ಸ್ಕ್ಯಾನ್ ಮಾಡಿದ ಫೋಟೋ ಬೇಡ. ಅಕೌಂಟ್ಸ್ ಕೆಲಸ ಎಲ್ಲಾದರೂ ಖಾಲಿ ಇದ್ದರೂ ಹೇಳಿ. ಅವನೇ ಮಾತಾಡುತ್ತಾನೆ.