ದಿ ನ್ಯಾರೋ ಮಾರ್ಜಿನ್ (1952): ಸಾಕ್ಷಿಯ ಟ್ವಿಸ್ಟ್ ಮೋಸ ಅಲ್ವಾ? (ಕಥೆ ಪೂರ್ತಿ ಬಯಲಾಗಿದೆ, ನೋಡದವರು ಓದಬೇಡಿ)

ಕತ್ತಲೆಕೋಣೆ:
ರಿಚರ್ಡ್ ಫ್ಲೈಷರ್ ನಿರ್ದೇಶನ, 71 ನಿಮಿಷ. ಷಿಕಾಗೋದಿಂದ ಲಾಸ್ ಏಂಜಲೀಸ್‌ಗೆ ಹೋಗೋ ರೈಲಲ್ಲಿ ಗ್ಯಾಂಗ್‌ಸ್ಟರ್ ಒಬ್ಬನ ವಿಧವೆಯನ್ನ ಸಾಕ್ಷಿ ಹೇಳೋಕೆ ಕರ್ಕೊಂಡು ಹೋಗ್ತಾನೆ ಡಿಟೆಕ್ಟಿವ್ ಬ್ರೌನ್. ನಾವು ಸಾಕ್ಷಿ ಅಂದ್ಕೊಂಡಿದ್ದ ಮೇರಿ ವಿಂಡ್ಸರ್ ಪಾತ್ರ ಕೊನೆಗೆ ನೋಡಿದ್ರೆ ಪೊಲೀಸ್. ಅಸಲಿ ಸಾಕ್ಷಿ, ಮಗನ ಜೊತೆ ಆರಾಮಾಗಿ ಓಡಾಡ್ತಿದ್ದ ಆನ್ ಸಿಂಕ್ಲೇರ್. ಇದನ್ನ ನ್ಯಾಯವಾದ ಟ್ವಿಸ್ಟ್ ಅಂತೀರಾ? ಇನ್ನೊಂದು, ಸೆಟ್ಟಲ್ಲೇ ತೆಗೆದ ರೈಲು ಅಷ್ಟು ನಿಜ ಅನ್ಸೋದು ಹೇಗೆ? ಕಿರುಚಿತ್ರಕ್ಕೆ ನಾವೂ ಒಂದು ಬೋಗಿ ಸೆಟ್ ಹಾಕ್ತಿದೀವಿ.

ಮೂರನೇ ಸಾಲು:
ನ್ಯಾಯವಾಗೇ ಇದೆ. ಶುರುವಲ್ಲಿ ಟ್ಯಾಕ್ಸಿ ಸೀನ್ ಇನ್ನೊಮ್ಮೆ ನೋಡಿ. ಸಾಕ್ಷಿ ಹೇಗಿರ್ತಾಳೆ ಅಂತ ಬ್ರೌನ್ ತನ್ನ ಜೊತೆಗಾರನ ಹತ್ರ ಐದು ಡಾಲರ್ ಬೆಟ್ ಕಟ್ತಾನೆ: ಗ್ಯಾಂಗ್‌ಸ್ಟರ್ ಹೆಂಡ್ತಿ ಅಂದ್ಮೇಲೆ ಥಳುಕಿನ, ಅಗ್ಗದ ಹೆಂಗಸೇ. ಬಾಗಿಲು ತೆಗೆದವಳು ಹಾಗೇ ಕಾಣ್ತಾಳೆ. ಬ್ರೌನ್ ನಂಬ್ತಾನೆ, ನಾವೂ ನಂಬ್ತೀವಿ. ಸಿನಿಮಾ ಸುಳ್ಳು ಹೇಳಿಲ್ಲ, ನಮ್ಮ ಪೂರ್ವಗ್ರಹವನ್ನ ಬಳಸ್ಕೊಂಡಿದೆ. 1990ರ ರೀಮೇಕ್‌ನಲ್ಲಿ ಜೀನ್ ಹ್ಯಾಕ್‌ಮನ್ ಇದ್ದಾರೆ, ಓಟ ಜೋರಾಗಿದೆ, ಆದ್ರೆ ಈ ಬೆಟ್‌ನಲ್ಲಿರೋ ಮೊನಚು ಅದಕ್ಕಿಲ್ಲ.

ನೀಲಿಪರದೆ:
ಟ್ವಿಸ್ಟ್ ಸರಿ, ಆಮೇಲಿನದ್ದು ಸರಿಯಿಲ್ಲ. ಕರ್ತವ್ಯದಲ್ಲಿದ್ದ ಪೊಲೀಸ್ ಹೆಣ್ಣುಮಗಳು ಗುಂಡೇಟಿಗೆ ಸಾಯ್ತಾಳೆ. ಅವಳಿಗಾಗಿ ಯಾರೂ ಒಂದು ನಿಮಿಷ ನಿಲ್ಲಲ್ಲ. ಬ್ರೌನ್, ಆನ್ ಇಬ್ಬರೂ ಹಗುರಾಗಿ ಮುಂದೆ ನಡೀತಾರೆ. ಇಡೀ ಚಿತ್ರ ಹೊತ್ತು ನಿಂತಿರೋದೇ ವಿಂಡ್ಸರ್, ಅವಳಿಗೇ ಹೀಗೆ ಮಾಡಿದ್ದು ನನಗೆ ಇವತ್ತಿಗೂ ಒಪ್ಪಿಗೆಯಾಗಲ್ಲ.

ಸೆಟ್ ವಿಷಯ: ಅವರು ಬೋಗಿಯನ್ನ ಅಲ್ಲಾಡಿಸಲೇ ಇಲ್ಲ. ಸೆಟ್ ನೆಲಕ್ಕೆ ಬಿಗಿದು, ಕ್ಯಾಮೆರಾ ಕೈಯಲ್ಲಿ ಹಿಡಿದು ಅದನ್ನ ಮಾತ್ರ ತೂಗಿದ್ರು. ನೀವೂ ಅದನ್ನೇ ಮಾಡಿ, ಆದ್ರೆ ಎಲ್ಲರೂ ಎಡವೋದು ಇಲ್ಲೇ: ಕ್ಯಾಮೆರಾ ಒಂದೇ ಅಲ್ಲಾಡಿದ್ರೆ ಕೈ ನಡುಗಿದ ಹಾಗೆ ಕಾಣುತ್ತೆ. ಫ್ರೇಮಲ್ಲಿ ತೂಗೋ ವಸ್ತು ಒಂದಾದ್ರೂ ಇರ್ಲಿ. ಪರದೆ, ಕೊಕ್ಕೆಗೆ ಹಾಕಿದ ಕೋಟು, ಅರ್ಧ ನೀರಿರೋ ಲೋಟ, ಯಾವುದಾದ್ರೂ ಸರಿ. ತೂಗಾಟ ನಿಧಾನ ಇರ್ಲಿ, ಅಕ್ಕಪಕ್ಕಕ್ಕೆ ಇರ್ಲಿ. ಜೋರಾಗಿ ಕುಲುಕಿದ್ರೆ ಮೊಬೈಲ್ ಮತ್ತು ಅಗ್ಗದ ಕ್ಯಾಮೆರಾಗಳಲ್ಲಿ ಕಿಟಕಿಯ ನೆಟ್ಟಗಿನ ಗೆರೆಗಳು ಜೆಲ್ಲಿ ತರ ಬಾಗುತ್ತವೆ. ಸ್ಟೆಬಿಲೈಸೇಶನ್ (ಅಲುಗಾಟ ತಡೆಯೋ ಸೌಲಭ್ಯ) ಆಫ್ ಮಾಡೋದು ಮರೀಬೇಡಿ, ಇಲ್ಲಾಂದ್ರೆ ನೀವು ಕೊಟ್ಟ ತೂಗಾಟವನ್ನ ಅದೇ ತಿಂದುಬಿಡುತ್ತೆ.

ಹಳಿಸದ್ದು:
ಅರ್ಧ ಕೆಲಸ ಸದ್ದಿಂದು. ಈ ಚಿತ್ರಕ್ಕೆ ಹಿನ್ನೆಲೆ ಸಂಗೀತವೇ ಇಲ್ಲ. ಚಕ್ರ, ಹಬೆ, ಸೀಟಿ ಇಷ್ಟೇ. ವಿಂಡ್ಸರ್ ಉಗುರು ಉಜ್ಜೋ ಶಾಟ್‌ನಿಂದ ನೇರವಾಗಿ ಎಂಜಿನ್ ಚಕ್ರಕ್ಕೆ ಕಟ್ ಆಗುತ್ತಲ್ಲ, ಆ ಜಾಗ ಕಣ್ಣುಮುಚ್ಚಿ ಕೇಳಿ.

ಈಗಿನ ರೈಲಲ್ಲಿ ರೆಕಾರ್ಡ್ ಮಾಡಿದ್ರೆ ಉಪಯೋಗಕ್ಕೆ ಬರಲ್ಲ. ಹಳಿಗಳನ್ನ ವೆಲ್ಡ್ ಮಾಡಿರೋದ್ರಿಂದ ಟಕ್-ಟಕ್ ಬರಲ್ಲ, ಬರೀ ಗುಂಯ್ ಅನ್ನುತ್ತೆ. ಅಮೆರಿಕದ ಹಳೇ ಹಳಿಯ ಒಂದು ತುಂಡಿನ ಉದ್ದ 39 ಅಡಿ. ಗಂಟೆಗೆ 60 ಮೈಲಿ ಅಂದ್ರೆ ಸೆಕೆಂಡಿಗೆ 88 ಅಡಿ, ಅಂದ್ರೆ ಒಂದು ಚಕ್ರ ಸೆಕೆಂಡಿಗೆ ಎರಡು ಜೋಡಣೆಗಿಂತ ತುಸು ಹೆಚ್ಚು ದಾಟುತ್ತೆ. ಸೌಂಡ್ ಟ್ರ್ಯಾಕ್ ಹಾಕುವಾಗ ಆ ಲಯ ಹಿಡೀರಿ. ಬಾಗಿಲು ಮುಚ್ಚಿದ ಸೀನಲ್ಲಿ ಮೇಲಿನ ಕೀರಲು ಸದ್ದು ತಗ್ಗಿಸಿ, ಬಾಗಿಲು ತೆಗೆದ ತಕ್ಷಣ ಪೂರ್ತಿ ಬಿಡಿ.

ಕತ್ತಲೆಕೋಣೆ:
ತುಂಬಾ ಉಪಕಾರ ಆಯ್ತು. ಕೊನೆಗೆ ಪಕ್ಕದ ರೈಲಿನ ಗಾಜಲ್ಲಿ ಕೊಲೆಗಾರನ ಪ್ರತಿಬಿಂಬ ನೋಡ್ಕೊಂಡು ಬ್ರೌನ್ ಬಾಗಿಲ ಮೂಲಕ ಗುಂಡು ಹಾರಿಸ್ತಾನಲ್ಲ, ಆ ತರದ ಶಾಟ್ ನಮ್ಮ ಕೈಲಿ ಆಗುತ್ತಾ?

ನೀಲಿಪರದೆ:
ಆಗುತ್ತೆ. ಗಾಜಿನ ಹಿಂದೆ ಕಪ್ಪು ಬಟ್ಟೆ ಕಟ್ಟಿ, ಲೈಟು ನಟನ ಮುಖಕ್ಕೆ ಮಾತ್ರ ಬೀಳ್ಲಿ. ಗಾಜಿನ ಹಿಂದೆ ಬೆಳಕಿದ್ರೆ ಬಿಂಬ ಮಾಯ. ಲೆನ್ಸ್ ಮೇಲೆ ಪೋಲರೈಸರ್ (ಪ್ರತಿಬಿಂಬ ತಗ್ಗಿಸೋ ಫಿಲ್ಟರ್) ಇದ್ರೆ ತೆಗೀರಿ. ಫೋಕಸ್ ಕೈಯಲ್ಲೇ ಮಾಡಿ: ಕ್ಯಾಮೆರಾದಿಂದ ಗಾಜಿಗೆ 4 ಅಡಿ, ಗಾಜಿನಿಂದ ನಟನಿಗೆ 5 ಅಡಿ ಇದ್ರೆ ಫೋಕಸ್ ಇಡಬೇಕಾದ್ದು 9 ಅಡಿಗೆ. ಆಟೋದಲ್ಲಿ ಬಿಟ್ರೆ ಅದು ಗಾಜಿನ ಮೇಲಿನ ಧೂಳನ್ನೇ ಹಿಡ್ಕೊಂಡು ಕೂರುತ್ತೆ.