ಹೋಲ್‌ಸ್ಟರ್‌ಗೆ ‘ಒರೆ’ ಸರಿ. ಅದನ್ನು ಸೊಂಟಕ್ಕೆ ಸಿಕ್ಕಿಸುವ ಭಾಗಕ್ಕೆ ಏನೆನ್ನೋಣ?

ಬಳಗದ ಎಲ್ಲರಿಗೂ ನಮಸ್ಕಾರ.

ಟೆಕ್ಸಸ್‌ನಲ್ಲಿ ಅಂಗಡಿ ನಡೆಸುವ ಗೆಳೆಯರೊಬ್ಬರಿಗಾಗಿ ಕನ್ನಡದಲ್ಲಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಅವರಲ್ಲಿ ಪಿಸ್ತೂಲು ಇದೆ, ಅವರ ಭಾವಮೈದುನರಲ್ಲಿ ರಿವಾಲ್ವರ್. ಅಂಗಡಿಯಲ್ಲಿರುವಾಗ ಬೆಲ್ಟಿನ ಮೇಲೆ, ಹೊರಗೆ ಹೋಗುವಾಗ ಪ್ಯಾಂಟಿನ ಒಳಬದಿಯಲ್ಲಿ, ಶೂಟಿಂಗ್ ರೇಂಜಿಗೆ ಹೋದಾಗ ತೊಡೆಯ ಮೇಲೆ, ಹೀಗೆ ಮೂರು ಕಡೆಗೂ ಒಂದೇ ಹೋಲ್‌ಸ್ಟರ್ (ಗನ್ನನ್ನು ಮೈಮೇಲೆ ಇಟ್ಟುಕೊಳ್ಳುವ ಕವಚ) ಸಾಕಾಗಬೇಕು ಎಂಬುದು ಅವರ ಆಸೆ. ಅಂಥವು ಅಲ್ಲಿ ಈಗ ಬಳಕೆಯಲ್ಲಿವೆ. ಗನ್ ಕೂರುವ ಗಟ್ಟಿ ಭಾಗ ಒಂದೇ. ಅದರ ಬೆನ್ನಿಗೆ ಕೂರಿಸುವ ತುಂಡುಗಳು ಬೇರೆ ಬೇರೆ. ಏಲಿಯನ್ ಗೇರ್ ಎಂಬ ಕಂಪನಿಯವರ ಶೇಪ್‌ಶಿಫ್ಟ್ ಈ ಬಗೆಯದು. ಪೊಲೀಸರು ಹೆಚ್ಚಾಗಿ ಬಳಸುವ ಸಫಾರಿಲ್ಯಾಂಡ್ ಹೋಲ್‌ಸ್ಟರ್‌ಗಳಿಗೂ ಕ್ಯೂಎಲ್‌ಎಸ್ ಎಂಬ ಕವಲಿನಾಕಾರದ ಬಿಲ್ಲೆ ಮತ್ತು ಅದನ್ನು ಹಿಡಿಯುವ ತಟ್ಟೆ ಸಿಗುತ್ತವೆ. ಊರಿಂದ ಬಂದು ತಿಂಗಳುಗಟ್ಟಲೆ ಇರುವ ಅತ್ತೆ, ಮಾವನವರಿಗೂ ಓದಿದರೆ ತಿಳಿಯಬೇಕು, ಮನೆಯಲ್ಲಿ ಇಂಥದ್ದೊಂದು ವಸ್ತು ಇರುವಾಗ ಎಲ್ಲರಿಗೂ ಅದರ ಭಾಷೆ ಗೊತ್ತಿರಬೇಕು ಎಂದು ಗೆಳೆಯರು ಹೇಳಿದ್ದಾರೆ. ನನಗೂ ಅದೇ ಸರಿ ಅನಿಸುತ್ತದೆ.

ಮೊದಲ ಪದ ಕಷ್ಟವಾಗಲಿಲ್ಲ: ಒರೆ. ತಮಿಳಿನ ಉಱೈ, ತೆಲುಗಿನ ಒರ, ನಮ್ಮ ಹಳಗನ್ನಡದ ಒಱೆ ಎಲ್ಲ ಒಂದೇ ಬಳ್ಳಿಯವು. ಚಿನ್ನವನ್ನು ಉಜ್ಜಿ ನೋಡುವ ಒರೆ ಬೇರೆ. ಶಕಟರೇಫ (ಹಳೆಯ ‘ಱ’ ಅಕ್ಷರ) ಬಿಟ್ಟುಹೋದ ಮೇಲೆ ಎರಡೂ ಒಂದೇ ರೂಪಕ್ಕೆ ಬಂದವು. ‘ಪಿಸ್ತೂಲು ಚೀಲ’ ಎಂದು ಬರೆದದ್ದನ್ನೂ ನೋಡಿದ್ದೇನೆ. ಅದನ್ನು ಒಪ್ಪಲಾರೆ, ಕಾರಣ ಬರೀ ಸೊಗಸಿನದಲ್ಲ. ಚೀಲ ಮೆತ್ತಗಿನದು. ಮೆತ್ತಗಿನ ಬಟ್ಟೆಯೊಳಗೆ ಗನ್ ಇಟ್ಟರೆ ಹೊರಗಿನಿಂದಲೇ ಟ್ರಿಗರ್ ಅದುಮಿ ಹೋಗಬಹುದು. ಹೋಲ್‌ಸ್ಟರ್ ಆಯ್ಕೆಯ ಮೊದಲ ನಿಯಮವೇ ಟ್ರಿಗರ್ ಮತ್ತು ಅದರ ಸುತ್ತಿನ ಬಳೆ ಪೂರ್ತಿ ಮುಚ್ಚಿರಬೇಕು, ಗೋಡೆ ಬಾಗಬಾರದು ಎಂಬುದು. ಒರೆ ಎಂದೊಡನೆ ಗಟ್ಟಿಯಾದ, ಆಯುಧದ ಆಕಾರಕ್ಕೇ ಹೊಂದಿದ ಕವಚ ಕಣ್ಣಿಗೆ ಬರುತ್ತದೆ. ಈಗಿನವು ಕೈಡೆಕ್ಸ್ ಎಂಬ ಪ್ಲಾಸ್ಟಿಕ್ ಹಾಳೆಯನ್ನು ಬಿಸಿಮಾಡಿ ಆಯಾ ಗನ್ನಿನ ಅಚ್ಚಿಗೆ ಒತ್ತಿದವು, ಇಲ್ಲವೇ ಎರಕ ಹೊಯ್ದವು. ಗ್ಲಾಕ್ 19 ಎಂಬ ಪಿಸ್ತೂಲಿಗೆ ಮಾಡಿದ್ದರಲ್ಲಿ ಸಿಗ್ ಪಿ320 ಎಂಬ ಇನ್ನೊಂದು ಪಿಸ್ತೂಲು ಕೂರುವುದಿಲ್ಲ. ಅದೇ ಗ್ಲಾಕ್‌ನ ಮೂತಿಯ ಕೆಳಗೆ ಟಾರ್ಚ್ ಸಿಕ್ಕಿಸಿದರೆ ಒರೆಯೇ ಬೇರೆ ಬೇಕು. ‘ಒಂದು ಒರೆಯಲ್ಲಿ ಎರಡು ಕತ್ತಿ ಇರಲಾರದು’ ಎಂಬ ಗಾದೆಯನ್ನು ಕೈಪಿಡಿಯಲ್ಲಿ ಇಲ್ಲಿಯೇ ಬಳಸಿಕೊಂಡಿದ್ದೇನೆ. ಕೊಳ್ಳುವವರು ತಪ್ಪಾಗಿ ತಿಳಿಯುವುದೂ ಇದನ್ನೇ. ಬದಲಾಗುವುದು ಬೆನ್ನಿನ ತುಂಡು, ಒರೆ ಬದಲಾಗುವುದಿಲ್ಲ.

ಆ ಬೆನ್ನಿನ ತುಂಡಿಗೆ ಏನೆನ್ನುವುದು? ನಾನು ಸಿಕ್ಕಿಕೊಂಡಿರುವುದು ಇಲ್ಲಿ. ‘ಲಗತ್ತು’ ಎಂದರೆ ಕಚೇರಿಯ ಕಾಗದ ನೆನಪಾಗುತ್ತದೆ. ‘ಜೋಡಣೆ’ ಕೆಲಸದ ಹೆಸರು, ವಸ್ತುವಿನದಲ್ಲ. ನಮ್ಮಲ್ಲಿ ಆಯುಧವನ್ನು ಮೈಗೆ ಸಿಕ್ಕಿಸಿಕೊಳ್ಳುವ ಪದ್ಧತಿ ಇಲ್ಲದೆ ಇರಲಿಲ್ಲವಲ್ಲ ಎಂದು ಹುಡುಕುತ್ತ ಹೋದಾಗ ಕೊಡಗಿನ ತೊಡಂಗ್ ಎದುರಾಯಿತು. ಕೊಡವರು ಒಡಿಕತ್ತಿ ಎಂಬ ಅಗಲವಾದ ಬಾಗಿದ ಕತ್ತಿಯನ್ನು ಒರೆಯಿಲ್ಲದೆ ಬೆನ್ನ ಹಿಂದೆ ಸಿಕ್ಕಿಸಿಕೊಳ್ಳುತ್ತಾರೆ. ಅದನ್ನು ಹಿಡಿದಿಡುವ, ನಡುವಿಗೆ ಕಟ್ಟುವ ಹಿತ್ತಾಳೆಯ ಸಾಧನ ತೊಡಂಗ್. ಪೀಚೆಕತ್ತಿ ಎಂಬ ಕಿರುಗತ್ತಿಗಾದರೋ ಬೆಳ್ಳಿ ಕೆಲಸದ ಒರೆ ಇರುತ್ತದೆ, ಆದರೆ ಅದು ಮುಂದೆ ಚೇಲೆಯ (ನಡುವಿಗೆ ಸುತ್ತುವ ಬಟ್ಟೆಯ) ಮಡಿಕೆಯಲ್ಲಿ ನಿಲ್ಲುತ್ತದೆ, ಬೇರೆ ಕೊಂಡಿ ಬೇಡ. ಒರೆ ಬೇರೆ, ಹೊರುವ ಸಾಧನ ಬೇರೆ ಎಂಬ ತಿಳಿವಳಿಕೆ ಒಂದೇ ಉಡುಪಿನಲ್ಲಿ ಇಷ್ಟು ಸ್ಪಷ್ಟವಾಗಿರುವುದನ್ನು ಕಂಡು ನನಗೆ ನಿಜಕ್ಕೂ ಸಂತೋಷವಾಯಿತು. ಮಲೆನಾಡು, ಕರಾವಳಿಯ ತೋಟಗಳಲ್ಲಿ ಕೆಲಸಕ್ಕೆ ಹೋಗುವವರು ಕತ್ತಿಯನ್ನು ಸೊಂಟದ ಹಿಂದಿನ ಕೊಕ್ಕೆಗೆ ಸಿಕ್ಕಿಸಿಕೊಳ್ಳುವುದೂ ಇದೇ ಬಗೆ.

ತೊಡಂಗ್ ಅನ್ನು ‘ತೊಡಂಗು’ ಎಂದು ಕನ್ನಡಕ್ಕೆ ತರಬಹುದೇ? ಹಳಗನ್ನಡ ಓದಿದವರಿಗೆ ತೊಡಂಗು ಎಂದರೆ ಶುರುಮಾಡು. ಇಂದಿನವರಿಗೆ ತೊಡಕಿನ ನೆರಳು ಬೀಳುತ್ತದೆ. ಅಲ್ಲದೆ ಅದು ಒಂದು ಜನರ ಉಡುಗೆಯಲ್ಲಿ ಗೌರವದ ಜಾಗ ಪಡೆದ ಹೆಸರು. ಪ್ಲಾಸ್ಟಿಕ್ ತುಂಡಿಗೆ ಅದನ್ನು ಅಂಟಿಸಲು ಮನಸ್ಸು ಬರುತ್ತಿಲ್ಲ. ಹಾಗಾಗಿ ಸದ್ಯ ‘ಕೊಕ್ಕೆ’ ಎಂದೇ ಬರೆದಿದ್ದೇನೆ: ಬೆಲ್ಟಿನ ಕೊಕ್ಕೆ, ಒಳಸೊಂಟದ ಕೊಕ್ಕೆ. ಆದರೆ ಪ್ಯಾಡಲ್ ಎಂಬುದು ಪ್ಯಾಂಟಿಗೂ ಮೈಗೂ ನಡುವೆ ತೂರಿಸುವ ಅಗಲವಾದ ಬಾಗಿದ ಹಲಗೆ, ತೊಡೆಯದು ಪಟ್ಟಿ. ಎಲ್ಲವನ್ನೂ ಕೊಕ್ಕೆ ಎಂದರೆ ಓದುವವರು ಒಪ್ಪುತ್ತಾರೆಯೇ? ಕೊಡಗಿನವರು, ಉತ್ತರ ಕನ್ನಡದವರು ದಯವಿಟ್ಟು ಹೇಳಿ.

ಈ ತುಂಡಿನ ಹೆಸರು ಕಾನೂನಿಗೂ ತಾಗುತ್ತದೆ. ಟೆಕ್ಸಸ್‌ನಲ್ಲಿ 2016ರಲ್ಲಿ ಲೈಸೆನ್ಸ್ ಇದ್ದವರಿಗೆ ಕಾಣುವಂತೆ ಪಿಸ್ತೂಲು ಧರಿಸಲು ಅವಕಾಶ ಕೊಟ್ಟಾಗ ಅದು ಭುಜದ ಇಲ್ಲವೇ ಬೆಲ್ಟಿನ ಹೋಲ್‌ಸ್ಟರ್‌ನಲ್ಲಿ ಇರಬೇಕು ಎಂಬ ಮಾತಿತ್ತು. 2021ರ ಸೆಪ್ಟೆಂಬರ್ 1ರಂದು ಜಾರಿಗೆ ಬಂದ ತಿದ್ದುಪಡಿಯಲ್ಲಿ ‘ಭುಜ, ಬೆಲ್ಟ್’ ಎಂಬ ಮಾತುಗಳು ಹೋಗಿ ‘ಹೋಲ್‌ಸ್ಟರ್’ ಮಾತ್ರ ಉಳಿಯಿತು. ತೊಡೆಗೆ ಕಟ್ಟುವ ಪಟ್ಟಿಯ ಬಗ್ಗೆ ಕೈಪಿಡಿಯಲ್ಲಿ ಧೈರ್ಯವಾಗಿ ಬರೆಯಲು ಸಾಧ್ಯವಾದದ್ದು ಹಾಗೆ.

ಇನ್ನು ಒರೆ ಗನ್ನನ್ನು ಬಿಡದೆ ಹಿಡಿಯುವ ಗುಣ. ಇದಕ್ಕೆ ಒಂದೇ ಪದ ಸಾಲದು. ಬರೀ ಉಜ್ಜಾಟದಿಂದ ಹಿಡಿಯುವುದು ‘ಬಿಗಿ’. ತಿರುಪು ತಿರುಗಿಸಿ ಹೆಚ್ಚು ಕಡಿಮೆ ಮಾಡಬಹುದು. ಹೆಬ್ಬೆರಳಿನಿಂದ ಒತ್ತಿದರೆ ಮಾತ್ರ ಬಿಡುವ ಬೀಗದಂಥದ್ದಕ್ಕೆ ‘ಅಗುಳಿ’ ಎಂದಿದ್ದೇನೆ. ಎಫ್‌ಬಿಐನಲ್ಲಿದ್ದ ಬಿಲ್ ರೋಜರ್ಸ್ ರೂಪಿಸಿದ, ಹಿಡಿತ ಎಷ್ಟು ಗಟ್ಟಿ ಎಂದು ಅಳೆಯುವ ಒಂದು, ಎರಡು, ಮೂರು ಎಂಬ ಹಂತಗಳನ್ನು ಬೇರೆ ಬೇರೆ ತಯಾರಕರು ಬೇರೆ ರೀತಿಯಲ್ಲಿ ಎಣಿಸುತ್ತಾರೆ, ಆದ್ದರಿಂದ ‘ಮೂರು ಅಗುಳಿಯ ಒರೆ’ ಎಂದು ಬರೆದರೆ ಸುಳ್ಳಾಗಬಹುದು. ‘ಮೂರನೆಯ ಹಂತ’ ಎಂದಷ್ಟೇ ಇಟ್ಟಿದ್ದೇನೆ. ಅದಕ್ಕಿಂತ ಮುಖ್ಯ ಮಾತೊಂದಿದೆ: ಕೊಕ್ಕೆ ಯಾವುದಾದರೂ ಇರಲಿ, ಅಗುಳಿ ಬಿಡಿಸುವ ರೀತಿ ಒಂದೇ ಇರುವುದು ಇಂಥ ಒರೆಯ ನಿಜವಾದ ಲಾಭ. ಕೈ ಒಂದನ್ನೇ ಕಲಿತರೆ ಸಾಕು. ಸಂಜೆ ಮನೆಗೆ ಬಂದಾಗ ಗನ್ನನ್ನು ಹೊರತೆಗೆಯದೆ, ಒರೆಯ ಸಮೇತ ಕಳಚಿ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಬಹುದು. ಮರಳಿ ಸಿಕ್ಕಿಸುವಾಗ ‘ಟಕ್’ ಎಂದು ಕೇಳಿಸಬೇಕು, ಕೈಯಿಂದ ಜಗ್ಗಿ ನೋಡಬೇಕು. ತಿರುಪುಗಳು ಸಡಿಲವಾಗುವುದೂ ಉಂಟು.

ಒರೆಯನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ ಕೂರಿಸುವುದಕ್ಕೆ ‘ಓರೆ’ ಸಹಜವಾದ ಪದ, ಆದರೆ ‘ಒರೆಯ ಓರೆ’ ಎಂದು ಗಟ್ಟಿಯಾಗಿ ಓದಿದರೆ ಕೇಳುವವರಿಗೆ ಗೊಂದಲ. ‘ವಾಲು’ ಎಂದು ಬದಲಿಸಿದ್ದೇನೆ. ಹೊರತೆಗೆಯುವುದಕ್ಕೆ ‘ಹಿರಿ’ ಚೆನ್ನ. ಕತ್ತಿ ಹಿರಿಯುವಂತೆ ಪಿಸ್ತೂಲು ಹಿರಿಯುವುದು ನಿಮಗೆ ಒಗ್ಗುತ್ತದೆಯೇ?

ಕೊನೆಗೆ, ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುತ್ತಿರುವ ಪದ: ಕುದುರೆ. ಕೋವಿಯ ಮಾತು ಬಂದರೆ ಕನ್ನಡದಲ್ಲಿ ‘ಕುದುರೆ ಎಳೆದ’ ಎನ್ನುತ್ತೇವೆ. ಕೆಲವರ ಬಾಯಲ್ಲಿ ಅದು ಬೆರಳಿನಿಂದ ಎಳೆಯುವ ಟ್ರಿಗರ್, ಇನ್ನು ಕೆಲವರಿಗೆ ಹಿಂದಕ್ಕೆ ಎಳೆದು ನಿಲ್ಲಿಸುವ, ಬಡಿಯುವ ಭಾಗ. ಗ್ಲಾಕ್‌ನಂಥ ಪಿಸ್ತೂಲಿನಲ್ಲಿ ಹೊರಗೆ ಕಾಣುವ ಬಡಿಯುವ ಭಾಗವೇ ಇಲ್ಲದ್ದರಿಂದ ತೊಂದರೆಯಿಲ್ಲ. ಆದರೆ ಗೆಳೆಯರ ಭಾವಮೈದುನರದು ರಿವಾಲ್ವರ್. ಅದರಲ್ಲಿ ಎರಡೂ ಇವೆ. ‘ಒರೆಗೆ ಸೇರಿಸುವಾಗ ಕುದುರೆಯ ಮೇಲೆ ಬೆರಳು ಇರಕೂಡದು’ ಎಂದು ನಾನು ಬರೆದು, ಓದುವವರು ಅದನ್ನು ಬಡಿಯುವ ಭಾಗ ಎಂದು ತಿಳಿದರೆ? ಅಲ್ಲಿ ಅಂಥ ತಪ್ಪಿಗೆ ಜಾಗವಿಲ್ಲ. ಆದ್ದರಿಂದ ಕೈಪಿಡಿಯಲ್ಲಿ ಎಲ್ಲೆಡೆ ‘ಟ್ರಿಗರ್’ ಎಂದೇ ಬರೆದಿದ್ದೇನೆ, ಕನ್ನಡದ ಪದ ಬಿಟ್ಟುಕೊಟ್ಟದ್ದಕ್ಕೆ ಬೇಸರವಿದ್ದರೂ.

ನಿಮ್ಮ ಊರಿನಲ್ಲಿ, ಮನೆಯ ಹಿರಿಯರ ಬಾಯಲ್ಲಿ ಕೋವಿಯ ಕುದುರೆ ಯಾವ ಭಾಗ? ಎರಡಕ್ಕೂ ಬೇರೆ ಬೇರೆ ಹೆಸರು ಇದ್ದರೆ, ಯಾವ ತಾಲ್ಲೂಕಿನ ಮಾತು ಎಂಬುದರೊಂದಿಗೆ ತಿಳಿಸಿ. ಕೈಪಿಡಿ ಇನ್ನೂ ಅಚ್ಚಿಗೆ ಹೋಗಿಲ್ಲ.